ಟನ್ನಕ್ಕನ ಹತ್ತು ಕಿಲೋ

ಅವಳ ನಿಜವಾದ ಹೆಸರು ಆ ರಸ್ತೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಜಲ್ಲಿ, ಮರಳು, ಹಳೇ ಕಬ್ಬಿಣ ತುಂಬಿಕೊಂಡು ಬರುವ ಲಾರಿಗಳನ್ನು ತೂಗುವ ವೇಬ್ರಿಜ್ಜಿನ ಪಕ್ಕ, ಗೂಡಿನಂಥ ಕೋಣೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕೂತವಳು. ಮೈಯೂ ಭಾರೀ ಮೈ. ಡ್ರೈವರುಗಳ ಬಾಯಿಗೆ ಇನ್ನೇನು ಬೇಕು? ಟನ್ನಕ್ಕ ಎಂದರು, ಅದೇ ನಿಂತುಬಿಟ್ಟಿತು. ಆ ಹೆಸರು ಇಟ್ಟವನು ಮೊದಲ ವರ್ಷ ಕೈಗೆ ಸಿಕ್ಕಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದಳು. ಎರಡನೇ ವರ್ಷದ ಹೊತ್ತಿಗೆ ಫೋನು ಎತ್ತಿದರೆ ತಾನೇ “ಹಲೋ, ಟನ್ನಕ್ಕ” ಎನ್ನತೊಡಗಿದಳು.

ಕೆಲಸವೇನೋ ಸುಲಭದ್ದೇ. ತುಂಬಿದ ಲಾರಿ ಬಂದು ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಪ್ಲೇಟಿನ ಮೇಲೆ ನಿಲ್ಲಬೇಕು. ಡ್ರೈವರು ಕೆಳಗಿಳಿಯಬೇಕು. ತೂಕ ನೋಡಿ, ಮಾಲು ಇಳಿಸಿ, ಖಾಲಿ ಲಾರಿ ಮತ್ತೆ ಬಂದಾಗ ಮತ್ತೊಮ್ಮೆ ನೋಡಿ ಕಳೆದರೆ ಮಾಲಿನ ತೂಕ ಸಿಕ್ಕಿತು. ಅಂಕಿ ಮೂಡುವುದು ಕೋಣೆಯೊಳಗಿನ ಪೆಟ್ಟಿಗೆಯಲ್ಲಿ ಮಾತ್ರ, ಹೊರಗಿದ್ದವರಿಗೆ ಕಾಣುವುದಿಲ್ಲ. ಅದಕ್ಕೇ ಅವಳ ಮುಂದೊಂದು ಮೈಕು. ಅದರಲ್ಲಿ ಅವಳು ಹೇಳಿದ ಅಂಕಿಗೆ ಎದುರು ಮಾತಿಲ್ಲ. ಸೀಟಿನ ಹಿಂದೆ ಆಳನ್ನು ಮಲಗಿಸಿಕೊಂಡು ಬಂದವರಿದ್ದರು, ಒಂದು ಚಕ್ರವನ್ನು ನಾಜೂಕಾಗಿ ಪ್ಲೇಟಿನಾಚೆ ಬಿಟ್ಟವರಿದ್ದರು. ಟನ್ನಕ್ಕನ ಕಣ್ಣಿಗೆ ಮಣ್ಣೆರಚಿ ದಾಟಿದವನು ಒಬ್ಬನೂ ಇಲ್ಲ. ಒಮ್ಮೆ ವೇಬ್ರಿಜ್ಜಿನ ಮಾಲೀಕನೇ ಬಂದು, ಆ ಪಾರ್ಟಿಯವರು ನಮ್ಮವರೇ, ಒಂಚೂರು ಹೆಚ್ಚುಕಡಿಮೆ ಹೇಳಮ್ಮ ಎಂದ. ಅವಳು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದು ನಿಂತಳು.

“ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಿ ಸ್ವಾಮಿ. ಈ ಬಾಯಲ್ಲಿ ಸುಳ್ಳು ತೂಕ ಬರಲ್ಲ.”

ಆ ಮನುಷ್ಯ ಮತ್ತೆ ಆ ಮಾತೆತ್ತಲಿಲ್ಲ.

ಮೆಷೀನಿನ ಒಂದು ಗುಣ ಹೇಳಲೇಬೇಕು. ಅದು ಲಾರಿ ತೂಗುವ ಮೆಷೀನು. ಒಂದು ಕಿಲೋ, ಎರಡು ಕಿಲೋ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹತ್ತು, ಇಪ್ಪತ್ತು, ಮೂವತ್ತು ಎಂದು ಹತ್ತರ ಮೇಲೇ ಹಾರಿಕೊಂಡು ಹೋಗುತ್ತದೆ. ನಡುವಿನದನ್ನು ಹತ್ತಿರದ ಹತ್ತಕ್ಕೆ ತಳ್ಳಿಬಿಡುತ್ತದೆ. ಇದು ಗೊತ್ತಿಲ್ಲದ ಹೊಸ ಡ್ರೈವರುಗಳು ಕಿಟಕಿಗೆ ಬಂದು ತಲೆ ತಿನ್ನುತ್ತಿದ್ದರು. ಅದಕ್ಕಾಗಿ ಕಿಟಕಿಯ ಮೇಲೆ, ಹೊರಗಡೆ, ಒಂದು ಬೋರ್ಡು ಹಾಕಿಸಿದ್ದಳು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ: “ಈ ಮೆಷೀನು ಹತ್ತು ಕಿಲೋ ಲೆಕ್ಕದಲ್ಲಿ ತೂಗುತ್ತದೆ. ಅದಕ್ಕಿಂತ ಕಡಿಮೆಗೆ ಜಗಳ ಬೇಡ.” ಯಾರಾದರೂ ಬಾಯಿ ತೆರೆಯುವ ಮೊದಲೇ ಮೈಕಿನಲ್ಲಿ “ಬೋರ್ಡ್ ಓದಪ್ಪ, ಬೋರ್ಡ್” ಎನ್ನುವಳು.

ಬೋರ್ಡು ಬರೆದವನು ಅವಳ ತಮ್ಮ. ರಸ್ತೆಯವರಿಗೆ ಅವನು ಪೇಂಟರು. ಲಾರಿಗಳ ನಂಬರು, ಬಾಗಿಲ ಮೇಲೆ ಖಾಲಿ ತೂಕ ಎಷ್ಟು, ತುಂಬಿದ ತೂಕ ಎಷ್ಟು, ಹಿಂದುಗಡೆ ಹಾರ್ನ್ ಮಾಡಿ ಎಂಬ ವಿನಂತಿ, ಎಲ್ಲ ಅವನ ಕೈಬರಹವೇ. ಅಳತೆಪಟ್ಟಿ ಇಡದೆ ಗೆರೆ ಎಳೆದರೆ ಕೂದಲೆಳೆಯಷ್ಟೂ ಅತ್ತಿತ್ತ ಆಗದು. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೆ ಒಂಬತ್ತಾಗಿದ್ದಾಗ ತಾಯಿ ಹೊಟ್ಟೆಯ ಸಣ್ಣದೊಂದು ಆಪರೇಷನ್ನಿಗೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದಳು, ವಾಪಸು ಬಂದದ್ದು ಬಿಳಿ ಬಟ್ಟೆ ಹೊದ್ದು. ತಂದೆ ಅದಕ್ಕೂ ಮೊದಲೇ ಇರಲಿಲ್ಲ. ಹತ್ತೊಂಬತ್ತರ ಹುಡುಗಿ ಒಂಬತ್ತರ ಹುಡುಗನನ್ನು ಬಗಲಿಗೆ ಹಾಕಿಕೊಂಡು ನಿಂತಳು. ಮದುವೆ ಗಿದುವೆ ಎಂದು ಬಂದವರನ್ನೆಲ್ಲ ಬಾಗಿಲಿಂದಲೇ ಕಳಿಸಿದಳು. ಹಾಗೆಂದು ತ್ಯಾಗಮೂರ್ತಿ ಎಂದು ಯಾರಾದರೂ ಹೊಗಳಿದರೆ ಮೈ ಉರಿಯುತ್ತಿತ್ತು ಅವಳಿಗೆ. “ನನ್ನ ತಮ್ಮ, ನಾನು ಸಾಕಿದೆ. ನಿಮಗೇನ್ರೀ ಮಧ್ಯ?”

ಆ ತಮ್ಮನ ಎರಡೂ ಕಿಡ್ನಿ ಮೂವತ್ತೆರಡಕ್ಕೆ ಕೈಕೊಟ್ಟವು. ಕಾಲು ಊದಿತು, ಮುಖ ಊದಿತು, ಬ್ರಶ್ ಹಿಡಿದ ಕೈ ಸೋತಿತು. ಅದೇ ರಸ್ತೆಯ ಕೊನೆಯಲ್ಲಿ ಡಯಾಲಿಸಿಸ್ ಕೇಂದ್ರವಿತ್ತು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಮೆಷೀನಿಗೆ ತೋಳು ಕೊಟ್ಟು ಮಲಗಬೇಕು. ಒಳಗೆ ಹೋಗುವಾಗ ತೂಕ ನೋಡುತ್ತಾರೆ, ಹೊರಗೆ ಬರುವಾಗ ತೂಕ ನೋಡುತ್ತಾರೆ. ಎಷ್ಟು ಕಡಿಮೆಯಾಯಿತೋ ಅಷ್ಟು ನೀರು ತೆಗೆದರು ಎಂದರ್ಥ. ಮುಗಿದ ಮೇಲೆ ಅವನು ನಡೆದುಕೊಂಡು ವೇಬ್ರಿಜ್ಜಿಗೆ ಬಂದು ಅಕ್ಕನ ಪಕ್ಕದ ಸ್ಟೂಲಿನಲ್ಲಿ ಕುಸಿಯುವನು.

“ಲೋಡ್ ಇಳಿಸಿದ್ಯೇನೋ?” ಎನ್ನುವಳು ಅವಳು, ಅಂಕಿಯಿಂದ ಕಣ್ಣು ತೆಗೆಯದೆ.

“ಎರಡೂವರೆ ಕಿಲೋ ಇಳಿಸಿ ಖಾಲಿ ಬಂದಿದೀನಿ ಕಣೇ. ಸ್ಲಿಪ್ ಬರ್ಕೊಡು.”

ಹೀಗೆ ನಗುತ್ತಿದ್ದರು ಇಬ್ಬರೂ. ನಗದೆ ಮತ್ತೇನು ಮಾಡಬೇಕಿತ್ತು ಹೇಳಿ? ಕಿಡ್ನಿಗಾಗಿ ಹೆಸರು ಬರೆಸಿದವರ ಸಾಲು ಎಷ್ಟು ಉದ್ದವಿತ್ತೆಂದರೆ, ಆ ಸಾಲಿನಲ್ಲಿ ನಿಂತವರು ಮುಂದೆ ಹೋಗುವುದು ಮುಂದಿನವರು ಸತ್ತಾಗ ಎಂದು ಕೇಂದ್ರದ ನರ್ಸೇ ಹೇಳಿದ್ದಳು.

ಟನ್ನಕ್ಕ ಮೊದಲ ದಿನವೇ ಡಾಕ್ಟರ ಮುಂದೆ ತೋಳು ಚಾಚಿ ಕೂತಿದ್ದಳು: ನನ್ನದು ತಗೊಳ್ಳಿ. ಪರೀಕ್ಷೆಗಳೆಲ್ಲ ಆದವು. ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಡಾಕ್ಟರು ವಯಸ್ಸಾದ ಹೆಂಗಸು, ಮಾತು ಮೃದು; ಸುತ್ತು ಬಳಸದೆ ಹೇಳಿದರು.

“ಕಿಡ್ನಿ ಚೆನ್ನಾಗಿದೆ ಅಮ್ಮ. ಆದರೆ ಈ ತೂಕದಲ್ಲಿ ತೆಗೆಯೋಕಾಗಲ್ಲ. ತೆಗೆದರೆ ನಿಮ್ಮ ಜೀವಕ್ಕೇ ಅಪಾಯ. ನಲವತ್ತು ಕಿಲೋ ಇಳೀಬೇಕು. ನೀವಾಗೇ ಇಳಿಸ್ತೀನಿ ಅಂದರೆ ವರ್ಷಗಟ್ಟಲೆ ಬೇಕು, ನಿಮ್ಮ ತಮ್ಮನ ಹತ್ರ ಅಷ್ಟು ಟೈಮಿಲ್ಲ. ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡಿಸ್ಕೊಳ್ಳಿ. ಒಂದು ವರ್ಷದೊಳಗೆ ಇಳಿಯುತ್ತೆ. ಆಮೇಲೆ ಕೊಡಬಹುದು.”

ಆ ದಿನ ಆಸ್ಪತ್ರೆಯ ತೂಕದಲ್ಲಿ ಅವಳು ನೂರಾ ಇಪ್ಪತ್ತಾರು ಕಿಲೋ. ತಕ್ಕಡಿ ಇದ್ದದ್ದು ಓಡಾಡುವ ಜಾಗದಲ್ಲಿ, ಹತ್ತಾರು ಜನ ಬೆಂಚಿನ ಮೇಲೆ ಕೂತ ಕಡೆ. ನರ್ಸು ಅಂಕಿ ನೋಡಿ, ಬರೆದುಕೊಳ್ಳುವವಳು ದೂರದಲ್ಲಿದ್ದಳೆಂದು, “ನೂರಾ ಇಪ್ಪತ್ತಾರೂ!” ಎಂದು ಕೂಗಿದಳು. ಬೆಂಚಿನಲ್ಲಿದ್ದ ತಲೆಗಳೆಲ್ಲ ಎದ್ದವು. ಇಪ್ಪತ್ತು ವರ್ಷದಿಂದ ಕಂಡವರ ತೂಕವನ್ನೆಲ್ಲ ರಸ್ತೆಗೇ ಕೇಳುವ ಹಾಗೆ ಕೂಗಿದವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಆ ತಕ್ಕಡಿ ಹತ್ತುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಆ ಹಾಳು ಗಂಟು ಆಮೇಲೆ ಯಾರ ಕುತ್ತಿಗೆಗೆ ಬಿತ್ತು ಎನ್ನುವುದೇ ಕಥೆ.

ಆಪರೇಷನ್ನಿಗೆ ಒಪ್ಪಿದಳು. ತಿಂಗಳಾಚೆಗೆ ದಿನ ಕೊಟ್ಟರು. ಅಲ್ಲಿಯವರೆಗೆ ಕೈಲಾದಷ್ಟು ಇಳಿಸಿ, ಪ್ರತಿ ವಾರ ತೂಕ ನೋಡಿಸಿಕೊಂಡು ಹೋಗಿ ಎಂದರು. “ತೂಕ ನೋಡೋದೇ ನನ್ನ ಕೆಲಸ ಕಣಮ್ಮ, ನಾನೇ ನೋಡ್ಕೊಂಡು ಫೋನ್ ಮಾಡ್ತೀನಿ” ಎಂದಳು. ನರ್ಸಿಗೂ ಅದು ನ್ಯಾಯವಾಗಿಯೇ ಕಂಡಿತು.

ಮರುದಿನ ಲಾರಿಗಳ ನಡುವೆ ಬಿಡುವು ನೋಡಿ, ಹೊರಗೆ ಹೋಗಿ ಪ್ಲೇಟಿನ ನಟ್ಟನಡುವೆ ನಿಂತಳು. ತಮ್ಮ ಒಳಗೆ ಕೂತು ಅಂಕಿ ಓದಿದ. ನೂರ ಮೂವತ್ತು.

“ಆಸ್ಪತ್ರೇಲಿ ಇಪ್ಪತ್ತಾರು ಅಂದ್ರಲ್ಲೇ?”

“ಅದು ಆಟದ ಸಾಮಾನು. ನಮ್ಮದು ವರ್ಷ ವರ್ಷ ಅಧಿಕಾರಿಗಳು ಬಂದು ಸೀಲ್ ಹಾಕಿ ಹೋಗೋ ಮೆಷೀನು. ಮೂವತ್ತು ಅಂದ್ರೆ ಮೂವತ್ತೇ.”

ಆಮೇಲಿನ ನಾಲ್ಕು ವಾರ ಅವಳು ಪಟ್ಟ ಪಾಡು ಸುಳ್ಳಲ್ಲ. ಊಟದ ಡಬ್ಬಿ ಅರ್ಧಕ್ಕಿಳಿಯಿತು, ಟೀಗೆ ಸಕ್ಕರೆ ನಿಂತಿತು. ಬೆಳಗ್ಗೆ ಧೂಳು ಏಳುವ ಮೊದಲೇ ರಸ್ತೆಯ ಆ ತುದಿಯವರೆಗೆ ನಡೆದು ಬರುವಳು. ಮಂಡಿ ಬಾಯಿಬಿಟ್ಟು ಅಳುತ್ತಿತ್ತು. ಎದುರು ಬಂದ ಡ್ರೈವರುಗಳು “ಟನ್ನಕ್ಕಾ, ಓವರ್‌ಲೋಡು, ಪಕ್ಕಕ್ಕೆ ಹಾಕಿ!” ಎಂದು ಹಲ್ಲು ಕಿರಿದರೆ, “ಪ್ಲೇಟ್ ಹತ್ತೋಕೆ ಬರ್ತೀಯಲ್ಲ, ಆಗ ನೋಡ್ಕೋತೀನಿ ಬಾ” ಎಂದು ಉಸಿರು ಹಿಡಿದು ಬಯ್ಯುವಳು. ಆದರೆ ಮನಸ್ಸಿನ ತುಂಬ ಒಂದೇ ಚಿತ್ರ: ನಡೆದುಕೊಂಡು ಒಳಗೆ ಹೋದ ಅಮ್ಮ. ಹೆದರಿಕೆ ಎಂದು ಅವಳು ಯಾರಿಗೂ ಹೇಳಲಿಲ್ಲ, ತಮ್ಮನಿಗಂತೂ ಮೊದಲೇ ಇಲ್ಲ.

ನಾಲ್ಕನೇ ವಾರ, ಆಪರೇಷನ್ನಿಗೆ ಮೂರು ದಿನ ಇರುವಾಗ, ಮತ್ತೆ ಪ್ಲೇಟಿನ ಮೇಲೆ ನಿಂತಳು. ಅದುವರೆಗೂ ಮೂವತ್ತು, ಮೂವತ್ತು ಎಂದೇ ಹಟ ಹಿಡಿದಿದ್ದ ಮೆಷೀನು ಆ ದಿನ ನೂರ ಇಪ್ಪತ್ತು ತೋರಿಸಿತು. ಡಯಾಲಿಸಿಸ್ ಮುಗಿಸಿ ಬಂದು ಒಳಗೆ ಕೂತಿದ್ದ ತಮ್ಮ ಪೆಟ್ಟಿಗೆಯ ಕಡೆ ಬಾಗಿ ಅಂಕಿ ಇನ್ನೊಮ್ಮೆ ನೋಡಿದ. ಆಮೇಲೆ ಮೈಕಿನಲ್ಲಿ ಹೇಳಿದ: “ನೂರಾ ಇಪ್ಪತ್ತು.”

ಅಯ್ಯೋ, ಆಗಿನ ಅವಳ ಮುಖ ನೋಡಬೇಕಿತ್ತು. ನಲವತ್ತೆರಡರ ಹೆಂಗಸು, ಕಬ್ಬಿಣದ ಪ್ಲೇಟಿನ ಮೇಲೆ ಕುಣಿಯುವುದೊಂದು ಬಾಕಿ. ಸರತಿಯಲ್ಲಿ ನಿಂತ ಲಾರಿಯವನು ಹಾರ್ನ್ ಬಡಿದು ಕಿವಿ ಕಿತ್ತರೂ ಬೈಯಲಿಲ್ಲ. ಏದುಸಿರು ಬಿಡುತ್ತ ಒಳಗೆ ಬಂದು ತಮ್ಮನ ಎರಡೂ ಭುಜ ಹಿಡಿದಳು.

“ಹತ್ತು ಕಿಲೋ ಕಣೋ! ಒಂದೇ ತಿಂಗಳಿಗೆ ಹತ್ತು ಕಿಲೋ! ನಾಲ್ಕು ತಿಂಗಳಿಗೆ ನಲವತ್ತು. ಆಪರೇಷನ್ ಮಾಡ್ಸಿಕೊಂಡ್ರೆ ಒಂದು ವರ್ಷ, ಇದಾದ್ರೆ ನಾಲ್ಕೇ ತಿಂಗಳು. ಯಾಕೆ ಬೇಕು ಹೊಟ್ಟೆ ಕುಯ್ಸೋದು? ಬೇಡ ಅಂದ್ಬಿಡ್ಲಾ?”

ಅವನು ಅವಳ ಮುಖವನ್ನೇ ನೋಡಿದ. ಬಹಳ ಹೊತ್ತಲ್ಲ.

“ನಿನಗೆ ಹೆಂಗೆ ಅನ್ಸುತ್ತೋ ಹಂಗೆ ಮಾಡಕ್ಕ” ಎಂದ.

ಅಲ್ಲೇ ನಿಂತು ಆಸ್ಪತ್ರೆಗೆ ಫೋನು ಮಾಡಿ, ಬೇಡ, ನಾನೇ ಇಳಿಸ್ತಿದೀನಿ, ಹತ್ತು ಇಳಿದಿದೀನಿ ಎಂದಳು. ಆ ಕಡೆಯವರು, ಒಮ್ಮೆ ಬಂದು ತೋರಿಸಿ ಹೋಗಿ ಎಂದರು. ಬರ್ತೀನಿ ಎಂದಳು. ಹೋಗಲಿಲ್ಲ.

ನೀವು ಕೇಳಬಹುದು, ಇಪ್ಪತ್ತು ವರ್ಷ ಮೆಷೀನಿನ ಜೊತೆ ಬಾಳಿದವಳಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು. ತಿಳಿದಿತ್ತು. ನೂರಾ ಇಪ್ಪತ್ತಾರನ್ನು ಮೂವತ್ತೆಂದೂ, ನೂರಾ ಇಪ್ಪತ್ನಾಲ್ಕನ್ನು ಇಪ್ಪತ್ತೆಂದೂ ತೋರಿಸುವ ಮೆಷೀನದು ಎಂದು ಅವಳಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿರಲಿಲ್ಲ. ಆದರೆ ಹೆದರಿಕೆಗೆ ಒಂದು ನೆವ ಬೇಕಾಗಿತ್ತು. ನೆವ ಮೈಕಿನಲ್ಲಿ ಕೂಗಿಕೊಂಡು ಬಂತು. ಬೋರ್ಡೇನೋ ತಲೆಯ ಮೇಲೇ ಇತ್ತು. ಅದು ಹೊರಗಿನವರಿಗಾಗಿ ಬರೆಸಿದ್ದು.

ಮುಂದಿನ ತಿಂಗಳು ಅಂಕಿ ನೂರ ಇಪ್ಪತ್ತು. ಅದರ ಮುಂದಿನ ತಿಂಗಳೂ ಅದೇ. “ಇಳಿಯೋದು ಹಂಗೇ, ಒಂದಷ್ಟು ದಿನ ನಿಲ್ಲುತ್ತೆ, ಆಮೇಲೆ ಒಂದೇ ಸಲ ಬೀಳುತ್ತೆ” ಎಂದು ತಮ್ಮನಿಗೆ ಹೇಳಿದಳು. ಅವನು ಹೂಂ ಎಂದ. ಮೂರನೇ ತಿಂಗಳು ಮಂಡಿ ಊದಿ ನಡಿಗೆ ನಿಂತಿತು. ಐದನೆಯ ತಿಂಗಳು ಪ್ಲೇಟಿನ ಮೇಲೆ ನಿಲ್ಲುವುದನ್ನೇ ಬಿಟ್ಟಳು. ಕೇಳಿದರೆ, ಈಗ ಲಾರಿ ಸರತಿ ಜಾಸ್ತಿ, ಪುರುಸೊತ್ತಿಲ್ಲ ಎನ್ನುವಳು. ತಮ್ಮ ಕೇಳುವುದನ್ನೂ ಬಿಟ್ಟ. ಒಂದು ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು ಇಬ್ಬರೂ ಆ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದರು.

ಏಳನೇ ತಿಂಗಳು, ಒಂದು ಬೆಳಗ್ಗೆ, ಅವನು ಹಲ್ಲುಜ್ಜುತ್ತಿದ್ದವನು ಗೋಡೆ ಹಿಡಿದು ಕುಸಿದ. ಉಸಿರಿನ ಜೊತೆ ಗೊರಗೊರ ಸದ್ದು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಎರಡನೇ ದಿನವೇ ಟನ್ನಕ್ಕ ತಾನಾಗಿಯೇ ಹೋಗಿ ಆ ಬೆಂಚಿನವರೆದುರು ತಕ್ಕಡಿ ಹತ್ತಿದಳು. “ಕೂಗಮ್ಮ, ಎಷ್ಟು ಬೇಕಾದ್ರೂ ಕೂಗು” ಎಂದಳು ನರ್ಸಿಗೆ. ನೂರಾ ಇಪ್ಪತ್ಮೂರು. ಏಳು ತಿಂಗಳಿಗೆ ಮೂರು ಕಿಲೋ. ಅಲ್ಲಿಂದ ನೇರ ಡಾಕ್ಟರ ಕೋಣೆಗೆ ನಡೆದಳು.

“ನಾಳೇನೇ ಮಾಡಿ. ಎಲ್ಲಿ ಸೈನ್ ಹಾಕ್ಲಿ?”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವರ ಹೃದಯ ಸೋತಿದೆ ಅಮ್ಮ. ಈಗ ಕಿಡ್ನಿ ಸಿಕ್ಕಿದರೂ ಹಾಕೋ ಹಾಗಿಲ್ಲ. ಆಪರೇಷನ್ ಟೇಬಲ್ ಮೇಲೇ ಹೋಗ್ತಾರೆ.”

“ಅವತ್ತೇ ಮಾಡಿಸ್ಕೊಂಡಿದ್ರೆ?”

ಡಾಕ್ಟರು ಒಳ್ಳೆಯವರು, ಅವಳ ಫೈಲನ್ನು ಮುಂದಕ್ಕೆಳೆದುಕೊಂಡರು. “ನಿಮ್ಮ ಆಪರೇಷನ್ ಬೇಡ ಅಂತ ನಾನು ಹೇಳ್ತಿಲ್ಲ. ಮಂಡಿ ನೋಡಿ, ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ. ನಿಮಗೋಸ್ಕರ ಮಾಡಿಸ್ಕೊಳ್ಳಿ” ಎಂದು ಒಂದು ದಿನ ಗುರುತು ಹಾಕಿ ಚೀಟಿ ಕೊಟ್ಟರು. ಅವಳು ಅದನ್ನು ತಂದು ತೂಕದ ಪೆಟ್ಟಿಗೆಯ ಅಡಿಗೆ ಸಿಕ್ಕಿಸಿದಳು.

ತಮ್ಮ ಮನೆಗೆ ಬಂದ. ಮತ್ತೆ ಅದೇ ಡಯಾಲಿಸಿಸ್, ಈಗ ನಡೆದು ಬರಲಾಗದೆ ಆಟೋದಲ್ಲಿ. ಒಂದು ಮಧ್ಯಾಹ್ನ, ಲಾರಿಗಳಿಲ್ಲದ ಹೊತ್ತು, ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು.

“ಆ ಬೋರ್ಡ್ ಬರೆದವನು ನೀನೇ ತಾನೇ?”

ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹೂಂ ಕಣೇ.”

“ಹಾಗಾದ್ರೆ ಅವತ್ತು ನಿನಗೆ ಗೊತ್ತಿತ್ತು. ಹತ್ತು ಕಿಲೋ ಅಲ್ಲ ಅಂತ.”

“ಗೊತ್ತಿತ್ತು.”

“ಮತ್ಯಾಕೋ ಬಾಯಿ ಮುಚ್ಕೊಂಡಿದ್ದೆ, ಪಾಪಿ?”

ಅವನು ಉಗುರಿನ ಸಂದಿಯಲ್ಲಿ ಉಳಿದ ಹಳೇ ಬಣ್ಣವನ್ನು ಕೆರೆಯುತ್ತ ಕೂತ. “ರಾತ್ರಿಯೆಲ್ಲ ನಿದ್ದೇಲಿ ಅಮ್ಮಾ ಅಮ್ಮಾ ಅಂತ ಕನವರಿಸ್ತಿದ್ದೆ ನೀನು. ಒಂದು ತಿಂಗಳು ಕೇಳಿದೀನಿ ಪಕ್ಕದಲ್ಲೇ ಮಲಗಿ. ಅವತ್ತು ಪ್ಲೇಟ್ ಮೇಲೆ ನಿಂತು ನಕ್ಕೆಯಲ್ಲ, ಆ ನಗೂನ ನಾನು ಹೆಂಗೆ ಕಿತ್ಕೊಳ್ಳಲಿ? ಅಮ್ಮ ಹೋದ ಹಾಗೆ ನೀನೂ ಹೋಗಿ, ನಾನು ನಿನ್ನ ಕಿಡ್ನಿ ಇಲ್ಲದೆ, ನೀನೂ ಇಲ್ಲದೆ… ನಂಗೂ ಹೆದರಿಕೆ ಆಯ್ತು ಕಣೇ ಅಕ್ಕ. ಅಷ್ಟೇ.”

ಟನ್ನಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಎಂಥ ಅಳು ಅದು! ಮೈಕು ಆನ್ ಇತ್ತು. ರಸ್ತೆಯಾಚೆ ಪಂಕ್ಚರ್ ಹಾಕುವವನು ಕೆಲಸ ನಿಲ್ಲಿಸಿ ಎದ್ದು ನಿಂತ. ತಮ್ಮನೇ ಕೈ ಚಾಚಿ ಮೈಕು ಆರಿಸಿದ. ಪೆಟ್ಟಿಗೆಯಡಿಯ ಚೀಟಿ ಅವನ ಕಣ್ಣಿಗೆ ಬಿತ್ತು.

“ಇದಕ್ಕೆ ಹೋಗು. ನಂಗೋಸ್ಕರ ಅಂತ ಹೊರಟಿದ್ದೆ, ಈಗ ನಿಂಗೋಸ್ಕರ ಹೋಗು. ಕಿಡ್ನಿ ಎರಡೂ ನಿಂಗೇ ಉಳಿದ್ವಲ್ಲ, ಚೆನ್ನಾಗಿ ಇಟ್ಕೋ.”

“ಬಾಯಿ ಮುಚ್ಚೋ” ಎಂದಳು ಅವಳು.

ಚೀಟಿಯಲ್ಲಿದ್ದ ದಿನ ಬಂತು, ಹೋಯಿತು. ಅವಳು ಎಂದಿನಂತೆ ಬೆಳಗ್ಗೆ ಎಂಟಕ್ಕೆ ಕೋಣೆಯ ಬೀಗ ತೆಗೆದು ಕೂತಳು. ಆಸ್ಪತ್ರೆಯಿಂದ ಫೋನು ಬಂದಾಗ, “ಮನಸ್ಸು ಬದಲಾಯ್ತಮ್ಮ” ಎಂದಳು. ಈ ಸಲ ಹೆದರಿಕೆಯಿಂದಲ್ಲ. ಹೆದರುವುದಕ್ಕೂ ಏನಾದರೂ ಉಳಿದಿರಬೇಕಲ್ಲ. ತೂಕ ಇಳಿದು ತಾನು ಹಗುರಾಗಿ ಓಡಾಡುವುದನ್ನು ನೆನೆಸಿಕೊಂಡರೆ ಅವಳಿಗೆ ಅದು ಕಳ್ಳತನದ ಹಾಗೆ ಕಾಣುತ್ತಿತ್ತು. ಅವನಿಗೆ ಬೇಕಾದಾಗ ಇಳಿಯದ ಮೈ ಇನ್ನು ಹೀಗೇ ಇದ್ದು ಸಾಯಲಿ ಎಂದು ತೀರ್ಮಾನಿಸಿಬಿಟ್ಟಿದ್ದಳು. ತಪ್ಪು ಎಂದು ಯಾರು ಹೇಳಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ತಮ್ಮ ದಿನದಿನಕ್ಕೆ ಸೊರಗಿದ. ನೀರು ತೆಗೆದರೆ ಸಾಕು, ಚಕ್ಕಳ ಮಾತ್ರ ಉಳಿಯುತ್ತಿತ್ತು. ಡಯಾಲಿಸಿಸ್ಸಿನಲ್ಲಿ ಎಷ್ಟು ತೂಕ ಬಂತು ಎಂದು ಅವನೀಗ ಹೇಳುತ್ತಿರಲಿಲ್ಲ. ಕೇಳಿದರೆ, ಅಲ್ಲಿಯವರು ಗುಣುಗುಣು ಅಂತಾರೆ, ಕೇಳಿಸಲ್ಲ ಎನ್ನುವನು. ಹೋದ ತಿಂಗಳು ತಮಾಷೆಗೆಂದು ಪ್ಲೇಟಿನ ಮೇಲೆ ನಿಂತಾಗ ಐವತ್ತು ಬಂದಿತ್ತು. “ಪರವಾಗಿಲ್ವೇ, ಅರ್ಧ ಕ್ವಿಂಟಾಲ್ ಇದೀನಿ” ಎಂದು ನಕ್ಕಿದ್ದ.

ಈ ದಿನ ಆಟೋ ಇಳಿದವನು ಕೋಣೆಗೆ ಬಾರದೆ ನೇರ ಪ್ಲೇಟಿಗೆ ಹೋದ. ಎರಡು ಸಲ ನಿಂತು ಉಸಿರೆಳೆದುಕೊಂಡು ನಡುವಿಗೆ ತಲುಪಿದ. ಲಾರಿ ನಿಲ್ಲುವಷ್ಟು ಅಗಲದ ಕಬ್ಬಿಣದ ಮೇಲೆ ಅವನೊಬ್ಬನೇ, ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು.

“ಹಾಕಕ್ಕ ತೂಕ!” ಎಂದು ಕೂಗಿದ. ಕೂಗು ಕಿಟಕಿಯವರೆಗೆ ಬಂದದ್ದೇ ಹೆಚ್ಚು.

ಪೆಟ್ಟಿಗೆಯಲ್ಲಿ ಕೆಂಪು ಅಂಕಿ ನಡುಗಿ ನಿಂತಿತು. ನಲವತ್ತು.

ಹತ್ತು ಕಿಲೋ ಹೋಗಿರಲಾರದು, ಒಂದೇ ಒಂದು ಕಿಲೋ ಇರಬಹುದು, ನಲವತ್ತೈದೂವರೆ ಇದ್ದದ್ದು ನಲವತ್ನಾಲ್ಕೂವರೆ ಆಗಿರಬಹುದು, ಮೆಷೀನು ಹತ್ತರ ಲೆಕ್ಕದ್ದಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಇರಬಹುದು. ಇಲ್ಲದೆಯೂ ಇರಬಹುದು. ಅಂಕಿ ಅಲ್ಲಾಡಲಿಲ್ಲ.

“ಎಷ್ಟೇ?” ಎಂದ ಅವನು. ಅವನ ಕಣ್ಣು ಕಿಟಕಿಯ ಮೇಲೆ, ತಾನೇ ಬರೆದ ಹಳದಿ ಬೋರ್ಡಿನ ಮೇಲಿತ್ತು.

ಅವಳು ಮೈಕು ಹತ್ತಿರಕ್ಕೆಳೆದುಕೊಂಡಳು. ಇಪ್ಪತ್ತು ವರ್ಷ ಯಾವ ಡ್ರೈವರಿಗೂ, ಯಾವ ಮಾಲೀಕನಿಗೂ, ಹತ್ತು ಕಿಲೋ ಅತ್ತಿತ್ತ ಹೇಳದ ಬಾಯಿ.

“ಐವತ್ತು!” ಎಂದಳು, ರಸ್ತೆಗೆಲ್ಲ ಕೇಳುವ ಹಾಗೆ.

ಅವನು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತ ನಿಂತ. ಆಮೇಲೆ ಸರಿ ಎನ್ನುವಂತೆ ತಲೆಯಾಡಿಸಿ, ಪ್ಯಾಂಟು ಮೇಲಕ್ಕೆಳೆದುಕೊಂಡು, ನಿಧಾನವಾಗಿ ಕೋಣೆಯ ಕಡೆ ನಡೆದು ಬಂದ.